ಲೋಗೋ ಬರುತ್ತೆ, ಡೆಸ್ಕ್‌ಟಾಪ್ ಬರಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವರದು ಒಂದೇ ಗೋಳು. ಮನೆಯ ಕಂಪ್ಯೂಟರಿಗೆ ವೈರಸ್ ಹೊಕ್ಕಿದೆ, ಈಗ ಅದು ಸರಿಯಾಗಿ ಶುರುವೇ ಆಗುತ್ತಿಲ್ಲ. ಹಾಗಾಗಿ ಪ್ರಿಂಟರ್, ವೈಫೈ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿದ್ದೇನೆ. ಮೊದಲ ಪತ್ರದ ಉತ್ತರ ಉದ್ದವಾಗಿದೆ. ಉಳಿದವರೂ ಅದನ್ನೊಮ್ಮೆ ಓದಿಬಿಡಿ, ಅಲ್ಲಿ ಹೇಳಿದ್ದನ್ನು ಮುಂದೆ ಮತ್ತೆ ಹೇಳಿಲ್ಲ.

ಪ್ರಶ್ನೆ: ಮನೆಯಲ್ಲಿ ವಿಂಡೋಸ್ 10 ಹಾಕಿದ ಡೆಸ್ಕ್‌ಟಾಪ್ ಇದೆ. ಮಗ ಯಾವುದೋ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರಿನ ಕ್ರ್ಯಾಕ್ ಪ್ರತಿ ಇಳಿಸಿಕೊಂಡ. ಅದನ್ನು ಹಾಕುವ ಮೊದಲು ಆಂಟಿವೈರಸ್ ಆಫ್ ಮಾಡಿ ಅಂತ ಬರೆದಿತ್ತಂತೆ, ಮಾಡಿದ್ದಾನೆ. ಕೆಲವು ದಿನ ಜಾಹೀರಾತುಗಳು ತಾವಾಗಿಯೇ ತೆರೆದುಕೊಳ್ಳುತ್ತಿದ್ದವು. ಈಗ ಲೋಗೋ ಬಂದು ಚುಕ್ಕಿಗಳು ಸುತ್ತುತ್ತವೆ, ನೀಲಿ ಪರದೆ ಬರುತ್ತದೆ, ಮತ್ತೆ ರೀಸ್ಟಾರ್ಟ್ ಆಗುತ್ತದೆ. ಮಕ್ಕಳ ಫೋಟೋಗಳೆಲ್ಲ ಅದರಲ್ಲೇ ಇವೆ. ಫಾರ್ಮ್ಯಾಟ್ ಮಾಡದೆ ಬೇರೆ ದಾರಿಯೇ ಇಲ್ಲ ಅನ್ನುತ್ತಾರೆ. ನಿಜವಾ?

ಉತ್ತರ: ಕೊನೆಗೆ ಫಾರ್ಮ್ಯಾಟ್ ಮಾಡಬೇಕಾಗಬಹುದು. ಆದರೆ ಇವತ್ತಲ್ಲ. ಫೋಟೋಗಳು ಹೊರಗೆ ಬರುವ ತನಕ ಆ ಮಾತೇ ಬೇಡ. ವಿಂಡೋಸ್ ಏಳುತ್ತಿಲ್ಲ ಅಂದರೆ ಫೈಲುಗಳು ಹೋದವು ಅಂತ ಅರ್ಥವಲ್ಲ. ಹೆಚ್ಚಿನ ಸಲ ಅವು ಇದ್ದ ಜಾಗದಲ್ಲೇ ಇರುತ್ತವೆ, ಒಳಗೆ ಹೋಗುವ ದಾರಿ ಮಾತ್ರ ಕೆಟ್ಟಿರುತ್ತದೆ. ನಾನು ನೋಡಿದ ಮಟ್ಟಿಗೆ ಫೋಟೋಗಳನ್ನು ಕಳೆಯುವುದು ವೈರಸ್‌ಗಿಂತ ಜಾಸ್ತಿ ಗಡಿಬಿಡಿಯ ರಿಪೇರಿ.

ಮೊದಲ ಕೆಲಸ, ಮತ್ತೆ ಮತ್ತೆ ಆನ್ ಆಫ್ ಮಾಡಿ ನೋಡುವುದನ್ನು ನಿಲ್ಲಿಸಿ. ಅರ್ಧಂಬರ್ಧ ಶುರುವಾದಾಗಲೂ ಒಳಗಿರುವುದು ತನ್ನ ಕೆಲಸ ಮಾಡುತ್ತಲೇ ಇರಬಹುದು. ನೆಟ್ ಕೇಬಲ್ ಕಿತ್ತುಬಿಡಿ. ವೈಫೈ ಆದರೆ ಸ್ವಲ್ಪ ಹೊತ್ತು ರೂಟರ್ ಆಫ್ ಮಾಡಿ. ನೀಲಿ ಪರದೆ ಬಂದಾಗ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಕೆಳಗೆ ಸಣ್ಣದಾಗಿ 'ಸ್ಟಾಪ್ ಕೋಡ್' ಅಂತ ಇರುತ್ತದೆ, ಕೆಲವೊಮ್ಮೆ ಯಾವ ಫೈಲ್ ಕೈಕೊಟ್ಟಿತು ಅನ್ನುವ ಹೆಸರೂ ಇರುತ್ತದೆ. ಅದು ಆಮೇಲೆ ಬಹಳ ಉಪಯೋಗಕ್ಕೆ ಬರುತ್ತದೆ.

ಎರಡನೆಯದು ಫೋಟೋಗಳನ್ನು ಹೊರಗೆ ತರುವುದು. ಇದಕ್ಕೆ ವಿಂಡೋಸ್ ಬೇಕಾಗಿಯೇ ಇಲ್ಲ. ಬೇರೆಯವರ ಒಳ್ಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಓಡಿಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಉಬುಂಟು ಲಿನಕ್ಸ್ ಅನ್ನು ಅದರ ಸ್ವಂತ ಸೈಟಿನಿಂದಲೇ ಇಳಿಸಿಕೊಳ್ಳಿ, ರೂಫಸ್ ಅನ್ನುವ ಉಚಿತ ಸಾಫ್ಟ್‌ವೇರ್ ಬಳಸಿ ಒಂದು ಪೆನ್‌ಡ್ರೈವ್‌ಗೆ ಬರೆಯಿರಿ. 16 ಜಿಬಿ ಇದ್ದರೆ ಆರಾಮ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಅದನ್ನು ನಿಮ್ಮ ಕಂಪ್ಯೂಟರಿಗೆ ಚುಚ್ಚಿ ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ (ಯಾವುದರಿಂದ ಶುರುವಾಗಬೇಕು ಅಂತ ಆರಿಸುವ ಪಟ್ಟಿ) ಕೀ ಒತ್ತುತ್ತಾ ಇರಿ. ಕಂಪನಿಗೊಂದು ಕೀ: ಎಫ್12, ಎಫ್11, ಎಫ್9 ಅಥವಾ ಎಸ್ಕೇಪ್. ಪೆನ್‌ಡ್ರೈವ್ ಆರಿಸಿಕೊಂಡರೆ ಉಬುಂಟು ಏಳುತ್ತದೆ, 'ಟ್ರೈ' ಅಂತಲೂ 'ಇನ್‌ಸ್ಟಾಲ್' ಅಂತಲೂ ಕೇಳುತ್ತದೆ. 'ಟ್ರೈ' ಒತ್ತಿ. ತಪ್ಪಿಯೂ ಇನ್ನೊಂದರ ಕಡೆ ಹೋಗಬೇಡಿ, ಅದು ಡಿಸ್ಕ್ ಅಳಿಸುವ ದಾರಿ.

ಈಗ ನಿಮ್ಮ ಹಾರ್ಡ್ ಡಿಸ್ಕ್ ಮಾಮೂಲಿ ಫೋಲ್ಡರಿನ ಹಾಗೆ ಕಾಣುತ್ತದೆ. ಅದರಲ್ಲಿ 'ಯೂಸರ್ಸ್', ಅದರೊಳಗೆ ನಿಮ್ಮ ಹೆಸರು, ಅದರೊಳಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್. ಬೇಕಾದ್ದನ್ನು ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ. ವಿಂಡೋಸ್ ವೈರಸ್ ಡಿಸ್ಕ್‌ನಲ್ಲಿ ಬಿದ್ದಿದ್ದರೂ ಇಲ್ಲಿ ಅದು ಓಡುತ್ತಿಲ್ಲ, ಬರೀ ಒಂದು ಫೈಲ್ ಅಷ್ಟೇ. ಡಿಸ್ಕ್‌ಗೆ ಬರೆಯಲು ಬಿಡುವುದಿಲ್ಲ, ಓದಲು ಮಾತ್ರ ಅಂತ ಸಂದೇಶ ಬಂದರೆ ಹೆದರಬೇಡಿ. ವಿಂಡೋಸಿನ 'ಫಾಸ್ಟ್ ಸ್ಟಾರ್ಟಪ್' ಆನ್ ಇದ್ದರೆ ಶಟ್‌ಡೌನ್ ಮಾಡಿದಾಗಲೂ ಅದು ಪೂರ್ತಿ ಮಲಗಿರುವುದಿಲ್ಲ, ಅದಕ್ಕೇ ಲಿನಕ್ಸ್ ಹೀಗೆ ಜಾಗ್ರತೆ ಮಾಡುತ್ತದೆ. ನಮಗೆ ಓದಲು ಆದರೆ ಸಾಕಲ್ವಾ.

ಡಿಸ್ಕ್ ತೆರೆಯುವಾಗ ಪಾಸ್‌ವರ್ಡ್ ಕೇಳಿದರೆ ಅದು ಬಿಟ್‌ಲಾಕರ್ ಬೀಗ, ಕೀ ಇಲ್ಲದೆ ಡಿಸ್ಕ್ ಓದಲಾಗದಂತೆ ಮಾಡುವ ವಿಂಡೋಸಿನದೇ ಸೌಲಭ್ಯ. ಅದಕ್ಕೆ 48 ಅಂಕಿಗಳ ರಿಕವರಿ ಕೀ ಬೇಕು. ಫೋನಿನಿಂದ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ 'ಡಿವೈಸಸ್' ಪಟ್ಟಿಯಲ್ಲಿ ಹುಡುಕಿ, ಎಷ್ಟೋ ಜನರಿಗೆ ಗೊತ್ತಿಲ್ಲದೆಯೇ ಅಲ್ಲಿ ಉಳಿದುಕೊಂಡಿರುತ್ತದೆ. ಬಯಾಸ್ (ವಿಂಡೋಸಿಗಿಂತ ಮೊದಲು ಯಂತ್ರವನ್ನು ಎಬ್ಬಿಸುವ ಒಳಗಿನ ಪ್ರೋಗ್ರಾಮ್) ಸೆಟ್ಟಿಂಗ್ ಬದಲಾಯಿಸುವ ಮೊದಲೇ ಈ ಕೀ ಹುಡುಕಿಟ್ಟುಕೊಳ್ಳಿ.

ಏನನ್ನು ಕಾಪಿ ಮಾಡಬಾರದು ಅನ್ನುವುದೂ ಮುಖ್ಯ. ಫೋಟೋ, ವಿಡಿಯೋ, ಪಿಡಿಎಫ್, ಮಾಮೂಲಿ ವರ್ಡ್ ಮತ್ತು ಎಕ್ಸೆಲ್ ಫೈಲುಗಳು ಸಾಕು. ಹೆಸರಿನ ಕೊನೆಯಲ್ಲಿ ಇಎಕ್ಸ್‌ಇ, ಎಂಎಸ್‌ಐ, ಎಸ್‌ಸಿಆರ್, ಬ್ಯಾಟ್, ವಿಬಿಎಸ್, ಜೆಎಸ್, ಎಲ್‌ಎನ್‌ಕೆ ಇರುವ ಯಾವುದನ್ನೂ ತರಬೇಡಿ. ಹಳೆಯ ಸೆಟಪ್ ಫೈಲುಗಳ ಮೇಲೆ ಮೋಹ ಬೇಡ, ಅವು ಮತ್ತೆ ಸಿಗುತ್ತವೆ. ಉಬುಂಟುವಿನಲ್ಲಿ ಫೈಲಿನ ಪೂರ್ತಿ ಹೆಸರು ಕಾಣುತ್ತದೆ, ಹಾಗಾಗಿ ಫೋಟೋ ಅಂತ ನಂಬಿಸಿ ಕೊನೆಗೆ 'ಜೆಪಿಜಿ ಡಾಟ್ ಇಎಕ್ಸ್‌ಇ' ಇರುವ ಕಳ್ಳ ಫೈಲುಗಳು ಇಲ್ಲಿ ಸಿಕ್ಕಿಬೀಳುತ್ತವೆ. ಲೆಕ್ಕಪತ್ರದ ಸಾಫ್ಟ್‌ವೇರ್ ಬಳಸುತ್ತಿದ್ದರೆ ಅದರ ಡೇಟಾ ಫೋಲ್ಡರ್ ಎಲ್ಲಿದೆ ನೋಡಿ, ಅದು ಡಾಕ್ಯುಮೆಂಟ್ಸ್‌ನಲ್ಲಿ ಇರಲೇಬೇಕು ಅಂತಿಲ್ಲ. ಕಾಪಿ ಆದ ಮೇಲೆ ಒಂದಷ್ಟು ಫೋಟೋ ತೆರೆದು ನೋಡಿ. ಹೆಸರು ಕಂಡ ಮಾತ್ರಕ್ಕೆ ಕಾಪಿ ಆಗಿದೆ ಅಂತಲ್ಲ.

ಇಷ್ಟಾದ ಮೇಲೆ ಧೈರ್ಯವಾಗಿ ರಿಪೇರಿಗೆ ಕೈ ಹಾಕಬಹುದು. ಲೋಗೋ ಬಂದು ಚುಕ್ಕಿ ಸುತ್ತುವಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಇದನ್ನು ಎರಡು ಮೂರು ಸಲ ಮಾಡಿದರೆ ವಿಂಡೋಸ್ ತಾನಾಗಿಯೇ ರಿಪೇರಿ ಪರದೆಗೆ ಹೋಗುತ್ತದೆ. (ನಿಲ್ಲಿಸಿ ಅಂದವನು ನಾನೇ, ಗೊತ್ತು. ಈಗ ಫೋಟೋ ಹೊರಗಿವೆಯಲ್ಲ.) ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಬರುವ ಪಟ್ಟಿಯಲ್ಲಿ 4 ಒತ್ತಿದರೆ ಸೇಫ್ ಮೋಡ್.

ಸೇಫ್ ಮೋಡ್ ಅಂದರೆ ವಿಂಡೋಸ್ ತನಗೆ ತೀರಾ ಬೇಕಾದ ಡ್ರೈವರ್‌ಗಳನ್ನು (ಯಂತ್ರದ ಭಾಗಗಳನ್ನು ನಡೆಸುವ ಪ್ರೋಗ್ರಾಮ್‌ಗಳು) ಮಾತ್ರ ಹಿಡಿದು ಏಳುವುದು. ಇಲ್ಲಿ ಡೆಸ್ಕ್‌ಟಾಪ್ ಬಂತು ಅಂದರೆ ಒಳ್ಳೆಯ ಸುದ್ದಿ: ವಿಂಡೋಸಿನ ತಿರುಳು ಸರಿಯಿದೆ, ಆಮೇಲೆ ಸೇರಿಕೊಂಡ ಯಾವುದೋ ಡ್ರೈವರ್ ಅಥವಾ ಸರ್ವೀಸ್ ಅದನ್ನು ಬೀಳಿಸುತ್ತಿದೆ. ಆ ಕ್ರ್ಯಾಕ್ ಸಾಫ್ಟ್‌ವೇರನ್ನು ಮತ್ತು ಅದೇ ದಿನ ಬಂದು ಕೂತ ಉಳಿದದ್ದನ್ನು ಅನ್‌ಇನ್‌ಸ್ಟಾಲ್ ಮಾಡಿ. ಆಮೇಲೆ ಮೈಕ್ರೋಸಾಫ್ಟಿನದೇ ಆದ ಆಟೋರನ್ಸ್ ಅನ್ನುವ ಉಚಿತ ಸಾಧನವನ್ನು ಪೆನ್‌ಡ್ರೈವ್‌ನಲ್ಲಿ ತಂದು ತೆರೆಯಿರಿ. ಕಂಪ್ಯೂಟರ್ ಶುರುವಾಗುವಾಗ ಏನೇನು ಓಡುತ್ತದೆ ಅನ್ನುವುದೆಲ್ಲ ಅಲ್ಲಿ ಸಾಲಾಗಿ ಕಾಣುತ್ತದೆ. ಮೈಕ್ರೋಸಾಫ್ಟಿನದನ್ನು ಮರೆಮಾಡುವ ಆಯ್ಕೆ ಒತ್ತಿದರೆ ಪಟ್ಟಿ ಚಿಕ್ಕದಾಗುತ್ತದೆ. ಗುಲಾಬಿ ಬಣ್ಣದ ಸಾಲು ಅಂದರೆ ಯಾರು ಮಾಡಿದ್ದು ಅಂತ ಖಾತ್ರಿ ಇಲ್ಲದ್ದು, ಹಳದಿ ಅಂದರೆ ಪಟ್ಟಿಯಲ್ಲಿದೆ ಆದರೆ ಫೈಲ್ ಇಲ್ಲ. ಟೆಂಪ್ ಅಥವಾ ಆಪ್‌ಡೇಟಾ ಫೋಲ್ಡರಿನಿಂದ ಓಡುವ, ಅರ್ಥವಿಲ್ಲದ ಅಕ್ಷರಗಳ ಹೆಸರಿರುವ ಗುಲಾಬಿ ಸಾಲು ಕಂಡರೆ ಅನುಮಾನ ಪಡಿ. ಅಳಿಸಬೇಡಿ, ಟಿಕ್ ಮಾತ್ರ ತೆಗೆಯಿರಿ. ತಪ್ಪಾದರೆ ವಾಪಸ್ ಹಾಕಬಹುದು.

ಸ್ಕ್ಯಾನ್ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ: ಸೋಂಕು ತಗುಲಿದ ವಿಂಡೋಸ್ ತನ್ನ ಬಗ್ಗೆ ತಾನೇ ಕೊಡುವ ಸರ್ಟಿಫಿಕೇಟನ್ನು ನಂಬಬೇಡಿ. ರೂಟ್‌ಕಿಟ್ ಜಾತಿಯವು ವಿಂಡೋಸಿನ ಒಳಗೇ ಕೂತು, ಆಂಟಿವೈರಸ್ ಫೈಲುಗಳ ಪಟ್ಟಿ ಕೇಳಿದಾಗ ತಮ್ಮ ಹೆಸರನ್ನು ಬಿಟ್ಟು ಉಳಿದದ್ದನ್ನು ಕೊಡುತ್ತವೆ. ಹೊರಗಿನಿಂದ ಬೂಟ್ ಮಾಡಿ ಸ್ಕ್ಯಾನ್ ಮಾಡಿದರೆ ಆ ಆಟ ನಡೆಯುವುದಿಲ್ಲ. ಕ್ಯಾಸ್ಪರ್‌ಸ್ಕಿ ರೆಸ್ಕ್ಯೂ ಡಿಸ್ಕ್, ಡಾಕ್ಟರ್ ವೆಬ್ ಲೈವ್‌ಡಿಸ್ಕ್ ಇದಕ್ಕೆಂದೇ ಮಾಡಿದವು, ಇವನ್ನೂ ಪೆನ್‌ಡ್ರೈವ್‌ಗೆ ಬರೆದು ಬೂಟ್ ಮಾಡಬೇಕು. ಮಾಮೂಲಿ ಡೆಸ್ಕ್‌ಟಾಪ್ ತನಕ ಬರಲು ಆದರೆ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಯ್ಕೆಗಳಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಇದೆ. ಅದು ರೀಸ್ಟಾರ್ಟ್ ಮಾಡಿಸಿ, ವಿಂಡೋಸ್ ಏಳುವ ಮೊದಲೇ ಸುಮಾರು 15 ನಿಮಿಷ ಹುಡುಕುತ್ತದೆ. ಸೇಫ್ ಮೋಡ್‌ನಲ್ಲಿ ಮಾಡುವುದಾದರೆ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಸಾಕು. ಇಳಿಸಿಕೊಂಡ 10 ದಿನಕ್ಕೆ ಅದು ಹಳೆಯದಾಗುತ್ತದೆ, ಆಮೇಲೆ ಹೊಸದನ್ನೇ ಇಳಿಸಿಕೊಳ್ಳಬೇಕು.

ಸೇಫ್ ಮೋಡ್ ಕೂಡ ಬರಲಿಲ್ಲವಾ? ಅದೇ ರಿಪೇರಿ ಪರದೆಯಲ್ಲಿ ಮೊದಲು ಸ್ಟಾರ್ಟಪ್ ರಿಪೇರ್, ಆಮೇಲೆ ಸಿಸ್ಟಮ್ ರಿಸ್ಟೋರ್ (ವಿಂಡೋಸನ್ನು ಹಿಂದಿನ ಒಂದು ದಿನದ ಸ್ಥಿತಿಗೆ ಒಯ್ಯುವುದು) ನೋಡಿ. ರಿಸ್ಟೋರ್ ನಿಮ್ಮ ಫೋಟೋ, ಪತ್ರಗಳನ್ನು ಮುಟ್ಟುವುದಿಲ್ಲ, ಆದರೆ ಎಷ್ಟೋ ಮನೆಯ ಕಂಪ್ಯೂಟರುಗಳಲ್ಲಿ ಅದು ಆನ್ ಆಗಿಯೇ ಇರುವುದಿಲ್ಲ. ಕಮಾಂಡ್ ಪ್ರಾಂಪ್ಟ್ ತೆರೆದು ಚೆಕ್‌ಡಿಸ್ಕ್ (ಡಿಸ್ಕ್ ತಪಾಸಣೆ), ಎಸ್‌ಎಫ್‌ಸಿ (ವಿಂಡೋಸ್ ಫೈಲುಗಳ ತಪಾಸಣೆ) ಓಡಿಸುವವರು ಒಂದು ಗಮನಿಸಿ, ಅಲ್ಲಿ ಡ್ರೈವ್ ಅಕ್ಷರಗಳು ಬದಲಾಗಿರಬಹುದು. ನಿಮ್ಮ ಸಿ ಡ್ರೈವ್ ಅಲ್ಲಿ ಡಿ ಆಗಿರಬಹುದು, ನೋಡಿಕೊಂಡು ಟೈಪ್ ಮಾಡಿ. ಹಳೆಯ ಲೇಖನಗಳಲ್ಲಿ ಬರುವ 'ಬೂಟ್‌ರೆಕ್, ಫಿಕ್ಸ್‌ಎಂಬಿಆರ್' ಮಂತ್ರ ಹಳೆಯ ಬಯಾಸ್ ಯಂತ್ರಗಳಿಗೆ. ಬಯಾಸ್ ಬದಲು ಯುಇಎಫ್‌ಐ ಅನ್ನುವುದು ಬಂದಿರುವ ಈಗಿನ ಯಂತ್ರಗಳಲ್ಲಿ ಬೂಟ್ ಫೈಲುಗಳನ್ನು ಹೊಸದಾಗಿ ಬರೆಯಲು ಬಳಸುವುದು ಬಿಸಿಡಿಬೂಟ್.

ಇಷ್ಟೆಲ್ಲ ಮಾಡಿ ಕಂಪ್ಯೂಟರ್ ಎದ್ದಿತು ಅಂತ ಇಟ್ಟುಕೊಳ್ಳೋಣ. ಆದರೂ ನಿಮ್ಮ ವಿಷಯದಲ್ಲಿ ನಾನು ಹೊಸದಾಗಿ ವಿಂಡೋಸ್ ಹಾಕಿ ಅಂತಲೇ ಹೇಳುತ್ತೇನೆ. ಜಾಹೀರಾತು ತೋರಿಸುವ ಬ್ರೌಸರ್ ಎಕ್ಸ್‌ಟೆನ್ಷನ್ ಒಂದೇ ಆಗಿದ್ದರೆ ಹೀಗೆ ಹೇಳುತ್ತಿರಲಿಲ್ಲ. ಇಲ್ಲಿ ಆಂಟಿವೈರಸ್ ಆಫ್ ಮಾಡಿ, ಅಡ್ಮಿನ್ ಅನುಮತಿ ಕೊಟ್ಟು, ಬಾಗಿಲು ತೆರೆದು ಕರೆದಿದ್ದೀರಿ. ಏನೇನು ಬಂದು ಕೂತಿದೆ ಅಂತ ಪೂರ್ತಿ ಖಾತ್ರಿ ಮಾಡಿಕೊಳ್ಳಲು ಯಾರಿಂದಲೂ ಆಗುವುದಿಲ್ಲ. 'ರೀಸೆಟ್ ದಿಸ್ ಪಿಸಿ'ಯಲ್ಲಿ ಫೈಲುಗಳನ್ನು ಉಳಿಸಿಕೊಳ್ಳುವ ಆಯ್ಕೆ ಇದೆ, ಅದು ಇಂಥ ಹೊತ್ತಿಗೆ ಅರ್ಧ ಕೆಲಸ. ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ ಪೆನ್‌ಡ್ರೈವ್ ಮಾಡಿಕೊಳ್ಳಿ (8 ಜಿಬಿ ಬೇಕು), ಅದರಿಂದ ಬೂಟ್ ಮಾಡಿ, ಹಳೆಯ ಪಾರ್ಟಿಷನ್‌ಗಳನ್ನೆಲ್ಲ ಅಳಿಸಿ ಹಾಕಿ. ಡಿ ಡ್ರೈವ್‌ನಲ್ಲಿ ಬೇಕಾದ್ದಿದ್ದರೆ ಅದನ್ನೂ ಮೊದಲೇ ಹೊರಗೆ ತಂದಿರಬೇಕು. ಅಸಲಿ ಲೈಸೆನ್ಸ್ ಇದ್ದ ಯಂತ್ರವಾದರೆ ನೆಟ್ ಸಿಕ್ಕ ಮೇಲೆ ಸಾಮಾನ್ಯವಾಗಿ ತಾನಾಗಿಯೇ ಆಕ್ಟಿವೇಟ್ ಆಗುತ್ತದೆ. ಹೇಗೂ ಹೊಸದಾಗಿ ಹಾಕುತ್ತಿದ್ದೀರಿ, ಯಂತ್ರ ಒಪ್ಪುವುದಾದರೆ ವಿಂಡೋಸ್ 11 ಹಾಕಿ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಮಗನಿಗೆ ಜಾಸ್ತಿ ಬೈಯಬೇಡಿ. ಉಚಿತ ವಿಡಿಯೋ ಎಡಿಟರ್‌ಗಳು ಬೇಕಾದಷ್ಟಿವೆ, ಕೆಡೆನ್‌ಲೈವ್ ಅಥವಾ ಶಾಟ್‌ಕಟ್ ತೋರಿಸಿ.

ಪ್ರಶ್ನೆ: ಆಂಟಿವೈರಸ್ ಒಂದು ವೈರಸ್ ಹಿಡಿದು ಡಿಲೀಟ್ ಮಾಡಿತು. ಖುಷಿಯಾಗಿ ರೀಸ್ಟಾರ್ಟ್ ಮಾಡಿದೆ. ಈಗ ಪಾಸ್‌ವರ್ಡ್ ಹಾಕಿದ ಮೇಲೆ ಬರೀ ಕಪ್ಪು ಪರದೆ, ಅದರ ಮೇಲೆ ಮೌಸಿನ ಬಾಣ. ಐಕಾನ್ ಇಲ್ಲ, ಟಾಸ್ಕ್‌ಬಾರ್ ಇಲ್ಲ. ವೈರಸ್ ಇದ್ದಾಗಲೇ ಚೆನ್ನಾಗಿತ್ತು!

ಉತ್ತರ: ಇದು ಬಹಳ ಸಾಮಾನ್ಯ, ಸರಿಪಡಿಸುವುದೂ ಅಷ್ಟು ಕಷ್ಟವಲ್ಲ. ಲಾಗಿನ್ ಆದ ಮೇಲೆ ಡೆಸ್ಕ್‌ಟಾಪ್ ತೋರಿಸಲು ಯಾವ ಪ್ರೋಗ್ರಾಮ್ ಓಡಿಸಬೇಕು ಅಂತ ವಿಂಡೋಸ್ ತನ್ನ ಸೆಟ್ಟಿಂಗ್‌ಗಳ ಕಡತವಾದ ರಿಜಿಸ್ಟ್ರಿಯಲ್ಲಿ ಬರೆದಿಟ್ಟುಕೊಂಡಿರುತ್ತದೆ. ಅಲ್ಲಿ ಇರಬೇಕಾದದ್ದು ಎಕ್ಸ್‌ಪ್ಲೋರರ್ ಡಾಟ್ ಇಎಕ್ಸ್‌ಇ. ವೈರಸ್ ಅದನ್ನು ತೆಗೆದು ತನ್ನ ಹೆಸರು ಬರೆದುಕೊಂಡಿತ್ತು. ಆಂಟಿವೈರಸ್ ಬಂದು ಫೈಲನ್ನು ಅಳಿಸಿತು, ಆದರೆ ರಿಜಿಸ್ಟ್ರಿಯ ಆ ಸಾಲನ್ನು ಹಾಗೇ ಬಿಟ್ಟಿತು. ಈಗ ವಿಂಡೋಸ್ ಇಲ್ಲದ ಫೈಲನ್ನು ಹುಡುಕಿ ಸುಮ್ನೆ ನಿಲ್ಲುತ್ತಿದೆ.

ಕಪ್ಪು ಪರದೆಯಲ್ಲಿದ್ದಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. 'ರನ್ ನ್ಯೂ ಟಾಸ್ಕ್' ಅಂತ ಇದೆ ನೋಡಿ, ಅಲ್ಲಿ ಎಕ್ಸ್‌ಪ್ಲೋರರ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಡೆಸ್ಕ್‌ಟಾಪ್ ಬಂದುಬಿಡುತ್ತದೆ. ಆದರೆ ಇದು ಈ ಸಲಕ್ಕೆ ಮಾತ್ರ. ಶಾಶ್ವತವಾಗಿ ಸರಿಮಾಡಲು ಅದೇ ರೀತಿ ರೆಜ್‌ಎಡಿಟ್ ತೆರೆಯಿರಿ. ಎಡಗಡೆ ಲೋಕಲ್ ಮಷೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್ ವರ್ಷನ್, ವಿನ್‌ಲಾಗನ್ ತನಕ ಇಳಿಯಿರಿ. ಬಲಗಡೆ 'ಶೆಲ್' ಅನ್ನುವ ಸಾಲಿನಲ್ಲಿ ಎಕ್ಸ್‌ಪ್ಲೋರರ್ ಡಾಟ್ ಇಎಕ್ಸ್‌ಇ ಒಂದೇ ಇರಬೇಕು. ಅದರ ಮುಂದೆ ಕಾಮಾ ಹಾಕಿ ಇನ್ನೊಂದು ಹೆಸರಿದ್ದರೆ ಅದೇ ಕಳ್ಳ, ಅಳಿಸಿ. ಸ್ವಲ್ಪ ಕೆಳಗೆ 'ಯೂಸರ್‌ಇನಿಟ್' ಇದೆ. ಅದರಲ್ಲಿ ಸಿಸ್ಟಮ್32 ಫೋಲ್ಡರಿನ ಯೂಸರ್‌ಇನಿಟ್ ಡಾಟ್ ಇಎಕ್ಸ್‌ಇ ಇರುತ್ತದೆ, ಕೊನೆಯಲ್ಲಿ ಒಂದು ಕಾಮಾ ಇರುತ್ತದೆ. ಆ ಕಾಮಾ ಇರಬೇಕಾದದ್ದೇ, ಅನುಮಾನ ಪಟ್ಟು ತೆಗೆಯಬೇಡಿ. ಲಾಗಿನ್ ಆದ ಕೂಡಲೇ ತಾನಾಗಿಯೇ ಲಾಗ್‌ಔಟ್ ಆಗುತ್ತಿದ್ದರೆ ತೊಂದರೆ ಇರುವುದು ಹೆಚ್ಚಾಗಿ ಈ ಎರಡನೆಯ ಸಾಲಿನಲ್ಲಿ.

ಅದೇ ವಿಂಡೋಸ್ ಎನ್‌ಟಿ ದಾರಿಯಲ್ಲಿ 'ಇಮೇಜ್ ಫೈಲ್ ಎಕ್ಸಿಕ್ಯೂಷನ್ ಆಪ್ಷನ್ಸ್' ಅಂತ ಇನ್ನೊಂದು ಜಾಗ ಇದೆ. ಅಲ್ಲಿ ಎಕ್ಸ್‌ಪ್ಲೋರರ್ ಅಥವಾ ನಿಮ್ಮ ಆಂಟಿವೈರಸ್ ಹೆಸರಿನ ಕೆಳಗೆ 'ಡಿಬಗ್ಗರ್' ಅನ್ನುವ ಸಾಲು ಕಂಡರೆ ಅದನ್ನೂ ತೆಗೆಯಿರಿ. ನೀವು ಆಂಟಿವೈರಸ್ ಮೇಲೆ ಕ್ಲಿಕ್ ಮಾಡಿದರೆ ಅದರ ಬದಲು ಬೇರೇನೋ ಓಡುವಂತೆ ಮಾಡುವ ಹಳೆಯ ಉಪಾಯ ಅದು. ರಿಜಿಸ್ಟ್ರಿ ಮುಟ್ಟುವ ಮೊದಲು ಫೈಲ್ ಮೆನುವಿನಿಂದ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ.

ಟಾಸ್ಕ್ ಮ್ಯಾನೇಜರ್ ತೆರೆಯಲು 'ಅಡ್ಮಿನಿಸ್ಟ್ರೇಟರ್ ಬಿಡುತ್ತಿಲ್ಲ' ಅಂದರೆ ಸ್ಟಾರ್ಟಪ್ ಸೆಟ್ಟಿಂಗ್ಸ್‌ನಲ್ಲಿ 6 ಒತ್ತಿ, ಕಮಾಂಡ್ ಪ್ರಾಂಪ್ಟ್ ಜೊತೆಗಿನ ಸೇಫ್ ಮೋಡ್‌ಗೆ ಹೋಗಿ. ಅಲ್ಲಿ ಡೆಸ್ಕ್‌ಟಾಪಿನ ಬದಲು ಕಮಾಂಡ್ ಪ್ರಾಂಪ್ಟೇ ಬರುವುದರಿಂದ ಕೆಟ್ಟ ಶೆಲ್ ಸಾಲು ಅಡ್ಡ ಬರುವುದಿಲ್ಲ. ರೆಜ್‌ಎಡಿಟನ್ನು ಅಲ್ಲಿಂದಲೇ ತೆರೆಯಿರಿ.

ಪ್ರಶ್ನೆ: ಸೇಫ್ ಮೋಡ್‌ಗೆ ಎಫ್8 ಒತ್ತಬೇಕು ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. ಕೀಬೋರ್ಡ್ ಹಾಳಾಗಿದೆಯಾ?

ಉತ್ತರ: ಕೀಬೋರ್ಡ್ ಸರಿಯಿದೆ. ವಿಂಡೋಸ್ 7 ತನಕ ಎಫ್8 ನಡೆಯುತ್ತಿತ್ತು, ವಿಂಡೋಸ್ 8ರಿಂದ ಅದನ್ನು ಆಫ್ ಮಾಡಿಯೇ ಕೊಡುತ್ತಾರೆ. ಪಾಸ್‌ವರ್ಡ್ ಕೇಳುವ ಪರದೆ ತನಕ ಬರುತ್ತದೆ ಅಂತಾದರೆ ಅಲ್ಲಿನ ಪವರ್ ಚಿಹ್ನೆ ಒತ್ತಿ, ಶಿಫ್ಟ್ ಕೀ ಹಿಡಿದುಕೊಂಡೇ ರೀಸ್ಟಾರ್ಟ್ ಒತ್ತಿ. ಅಲ್ಲಿಯ ತನಕವೂ ಬಾರದಿದ್ದರೆ ಮೇಲೆ ಹೇಳಿದ ಪವರ್ ಬಟನ್ ದಾರಿಯೇ ಗತಿ.

ಪ್ರಶ್ನೆ: ಫೋಟೋಗಳ ಹೆಸರಿನ ಕೊನೆಗೆ ವಿಚಿತ್ರ ಅಕ್ಷರಗಳು ಸೇರಿಕೊಂಡಿವೆ, ಯಾವುದೂ ತೆರೆಯುತ್ತಿಲ್ಲ. ಪ್ರತಿ ಫೋಲ್ಡರಿನಲ್ಲೂ ದುಡ್ಡು ಕೊಟ್ಟರೆ ಬಿಡಿಸುತ್ತೇವೆ ಅನ್ನುವ ಚೀಟಿ ಇದೆ. ಕಂಪ್ಯೂಟರ್ ಶುರುವಾಗಲು ಅರ್ಧ ಗಂಟೆ ಬೇಕು. ಫಾರ್ಮ್ಯಾಟ್ ಮಾಡಿದರೆ ಫೋಟೋ ಸರಿಹೋಗುತ್ತವಾ?

ಉತ್ತರ: ಹೋಗುವುದಿಲ್ಲ, ಇದ್ದದ್ದೂ ಹೋಗುತ್ತದೆ. ಇದು ರ್‍ಯಾನ್ಸಮ್‌ವೇರ್. ಅರ್ಧ ಗಂಟೆ ಅಂದರೆ ಇನ್ನೂ ಒಳಗೆ ಕೆಲಸ ನಡೆಯುತ್ತಿರಬಹುದು, ಮೊದಲು ಆಫ್ ಮಾಡಿ. ಆಮೇಲೆ ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಲಾಕ್ ಆದ ಫೈಲುಗಳನ್ನೂ ಆ ಚೀಟಿಯನ್ನೂ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಟ್ಟುಕೊಳ್ಳಿ. ಚೀಟಿಯನ್ನು ಸಿಟ್ಟಿನಲ್ಲಿ ಅಳಿಸಬೇಡಿ. ಯಾವ ಜಾತಿಯದು ಅಂತ ಗುರುತಿಸಲು ಅದೇ ಸುಳಿವು.

ನೋ ಮೋರ್ ರ್‍ಯಾನ್ಸಮ್ ಅನ್ನುವ ತಾಣ ಇದೆ. 2016ರಲ್ಲಿ ನೆದರ್‌ಲ್ಯಾಂಡ್ಸ್ ಪೊಲೀಸರು, ಯುರೋಪೋಲ್ ಮತ್ತು ಭದ್ರತಾ ಕಂಪನಿಗಳು ಸೇರಿ ಶುರು ಮಾಡಿದ್ದು. ಲಾಕ್ ಆದ ಫೈಲು ಮತ್ತು ಚೀಟಿ ಅಲ್ಲಿ ಹಾಕಿದರೆ ಬಿಡಿಸುವ ಸಾಧನ ಇದೆಯೋ ಇಲ್ಲವೋ ಹೇಳುತ್ತದೆ, ಇದ್ದರೆ ಉಚಿತವಾಗಿಯೇ ಕೊಡುತ್ತದೆ. ಇಲ್ಲದಿದ್ದರೆ ಸದ್ಯಕ್ಕೆ ದಾರಿಯಿಲ್ಲ ಅಂತಲೇ ತಿಳಿಯಿರಿ. 'ನೂರಕ್ಕೆ ನೂರು ಬಿಡಿಸಿಕೊಡುತ್ತೇವೆ' ಅನ್ನುವ ಮಧ್ಯವರ್ತಿಗಳು ಕಳ್ಳರ ಹತ್ತಿರವೇ ಚೌಕಾಸಿ ಮಾಡಿ ನಿಮ್ಮಿಂದ ಜಾಸ್ತಿ ಕೀಳುವುದೂ ಉಂಟು. ದುಡ್ಡು ಕೊಡುವುದು ಬೇಡ ಅಂತ ನನ್ನ ಮಾತು, ಕೊಟ್ಟರೂ ಕೀ ಬರುತ್ತದೆ ಅನ್ನುವ ಭರವಸೆ ಇಲ್ಲ. ಫೈಲುಗಳನ್ನು ಎಸೆಯಬೇಡಿ. ಪೊಲೀಸರು ಸರ್ವರ್ ಹಿಡಿದಾಗ ಎಷ್ಟೋ ಸಲ ಕೀಗಳು ವರ್ಷಗಳ ನಂತರ ಹೊರಬಂದಿವೆ.

ಕೆಲವು ಜಾತಿಯವು ಅವಸರಕ್ಕೆ ಪ್ರತಿ ಫೈಲಿನ ಮೊದಲ ಭಾಗವನ್ನು ಮಾತ್ರ ಕೆಡಿಸುತ್ತವೆ. ಅಂಥ ಕಡೆ ದೊಡ್ಡ ವಿಡಿಯೋಗಳು ಸ್ವಲ್ಪ ಮಟ್ಟಿಗೆ ವಾಪಸ್ ಸಿಗಬಹುದು. ಹಳೆಯ ಮಾದರಿಯ ತಿರುಗುವ ಹಾರ್ಡ್ ಡಿಸ್ಕ್ ಆದರೆ, ಅಳಿಸಿಹೋದ ಮೂಲ ಫೋಟೋಗಳನ್ನು ಫೋಟೋರೆಕ್ ಅನ್ನುವ ಉಚಿತ ಸಾಧನ ಹೆಕ್ಕಿ ತರುವ ಸಾಧ್ಯತೆಯೂ ಇದೆ. ಅದಕ್ಕೇ ಆ ಡಿಸ್ಕ್‌ಗೆ ಹೊಸದೇನನ್ನೂ ಬರೆಯಬೇಡಿ. ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಆದರೆ ಈ ಆಸೆ ಕಡಿಮೆ, ಅಳಿಸಿದ ಜಾಗವನ್ನು ಅದು ತಾನೇ ಬೇಗ ಗುಡಿಸಿಬಿಡುತ್ತದೆ.

ಪ್ರಶ್ನೆ: ಆನ್ ಮಾಡಿದರೆ ಬೀಪ್ ಬೀಪ್ ಅನ್ನುತ್ತದೆ, ಪರದೆಯಲ್ಲಿ ಏನೂ ಬರುವುದಿಲ್ಲ. ಯಾವ ವೈರಸ್ ಇರಬಹುದು?

ಉತ್ತರ: ವೈರಸ್ ಅಲ್ಲ. ಕಂಪನಿಯ ಲೋಗೋ ಕೂಡ ಬರುತ್ತಿಲ್ಲ ಅಂದರೆ ವಿಂಡೋಸ್ ತನಕ ವಿಷಯ ಹೋಗಿಯೇ ಇಲ್ಲ. ಪ್ಲಗ್ ತೆಗೆದು, ರ್‍ಯಾಮ್ ಕಡ್ಡಿಯನ್ನು ಬಿಚ್ಚಿ, ಧೂಳು ಊದಿ, ಟಕ್ ಅನ್ನುವ ತನಕ ಒತ್ತಿ ಕೂರಿಸಿ. ಅದಕ್ಕೂ ಬಗ್ಗದಿದ್ದರೆ ಬೀಪ್ ಎಷ್ಟು ಸಲ ಬರುತ್ತದೆ ಎಣಿಸಿ, ಮದರ್‌ಬೋರ್ಡ್ ಪುಸ್ತಕದಲ್ಲಿ ಅರ್ಥ ಇರುತ್ತದೆ. ಡಿಸ್ಕ್‌ನಿಂದ ಟಕ ಟಕ ಸದ್ದು ಬರುತ್ತಿದ್ದರೆ ಮಾತ್ರ ತಕ್ಷಣ ಆಫ್ ಮಾಡಿ, ಸ್ಕ್ಯಾನ್ ಗೀನ್ ಅಂತ ಅದನ್ನು ದುಡಿಸಬೇಡಿ.

ಕಂಪ್ಯೂಟರ್ ಏಳಲಿಲ್ಲ ಅಂದ ಕೂಡಲೇ ವೈರಸ್ ಅನ್ನುವ ಅಭ್ಯಾಸ ನಮಗೆಲ್ಲ ಇದೆ. 2024ರ ಜುಲೈ 19ರಂದು ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವಲ್ಲ, ಅದಕ್ಕೆ ಕಾರಣ ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿಯದೇ ಒಂದು ಕೆಟ್ಟ ಅಪ್‌ಡೇಟ್. ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸಿದರೆ ಸರಿಹೋಗುತ್ತಿತ್ತು. ಉಲ್ಟಾ ಆದದ್ದೂ ಇದೆ. 2010ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಅಪ್‌ಡೇಟ್ ಹಾಕಿಕೊಂಡ ಎಷ್ಟೋ ವಿಂಡೋಸ್ ಎಕ್ಸ್‌ಪಿ ಯಂತ್ರಗಳು ಏಳಲೇ ಇಲ್ಲ, ಜನ ಅಪ್‌ಡೇಟ್‌ಗೆ ಶಾಪ ಹಾಕಿದರು. ನೋಡಿದರೆ ಆ ಯಂತ್ರಗಳಲ್ಲಿ ಅಲ್ಯೂರಿಯನ್ ಅನ್ನುವ ರೂಟ್‌ಕಿಟ್ ಮೊದಲೇ ಅವಿತಿತ್ತು. ಅಪ್‌ಡೇಟ್ ಬಂದು ವಿಂಡೋಸಿನ ಒಳಗಿನ ವಿಳಾಸಗಳು ಬದಲಾದಾಗ ಅದು ಎಡವಿ, ವಿಂಡೋಸನ್ನೂ ಬೀಳಿಸಿತ್ತು.

ಪ್ರಶ್ನೆ: 'ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ' ಅಂತ ಪರದೆ ತುಂಬ ಬಂತು. ಮಾಡಿದೆ. ಅವರು ದೂರದಿಂದಲೇ ಒಳಗೆ ಬಂದು ಏನೇನೋ ಒತ್ತಿದರು, ದುಡ್ಡು ಕೇಳಿದರು, ಕೊಡುವುದಿಲ್ಲ ಅಂದೆ. ನನ್ನದು ಹಳೆಯ ವಿಂಡೋಸ್ 7. ಈಗ ಶುರುವಾಗುವ ಮೊದಲೇ ನಾನು ಯಾವತ್ತೂ ಇಡದ ಪಾಸ್‌ವರ್ಡ್ ಕೇಳುತ್ತಿದೆ.

ಉತ್ತರ: ಅವರು ಮಾತಾಡುವಾಗ ನೀವು ಬ್ಯಾಂಕ್ ಅಥವಾ ಕಾರ್ಡ್ ವಿವರ ಟೈಪ್ ಮಾಡಿದ್ದರೆ ಇದನ್ನು ಓದುವುದು ನಿಲ್ಲಿಸಿ ಮೊದಲು ಬ್ಯಾಂಕಿಗೆ ಫೋನ್ ಮಾಡಿ.

ಪಾಸ್‌ವರ್ಡ್ ಕೇಳುವ ಚಿಕ್ಕ ಕಿಟಕಿ 'ಸಿಸ್‌ಕೀ' ಅನ್ನುವ ವಿಂಡೋಸಿನದೇ ಸೌಲಭ್ಯ. ಈ ವಂಚಕರು ಅದನ್ನು ಬೀಗವಾಗಿ ಬಳಸುತ್ತಿದ್ದರು. ವಿಂಡೋಸ್ 10ರಲ್ಲಿ 2017ರ ಕೊನೆಯ ಹೊತ್ತಿಗೆ ಅದನ್ನು ತೆಗೆದೇ ಹಾಕಿದರು, ನಿಮ್ಮದು 7 ಆದ್ದರಿಂದ ಇನ್ನೂ ಇದೆ. ಎಫ್8 ಒತ್ತಿ (ನಿಮಗೆ ಅದು ನಡೆಯುತ್ತದೆ), ರಿಪೇರಿ ಆಯ್ಕೆಗೆ ಹೋಗಿ ಹಿಂದಿನ ದಿನಕ್ಕೆ ಸಿಸ್ಟಮ್ ರಿಸ್ಟೋರ್ ಮಾಡಿ ನೋಡಿ. ಕಿಲಾಡಿಗಳು ರಿಸ್ಟೋರ್ ಪಾಯಿಂಟ್‌ಗಳನ್ನೂ ಅಳಿಸಿ ಹೋಗಿರುತ್ತಾರೆ. ಹಾಗಿದ್ದರೆ ಸಿಸ್ಟಮ್32ರ ಒಳಗೆ ಕಾನ್ಫಿಗ್, ಅದರೊಳಗೆ ರೆಜ್‌ಬ್ಯಾಕ್ ಅನ್ನುವ ಫೋಲ್ಡರಿನಲ್ಲಿ ರಿಜಿಸ್ಟ್ರಿಯ ಹಳೆಯ ಪ್ರತಿ ಇರುತ್ತದೆ. ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಅಲ್ಲಿನ ಫೈಲುಗಳ ತಾರೀಖು ನೋಡಿ. ಘಟನೆಗಿಂತ ಹಿಂದಿನದಾಗಿದ್ದರೆ, ಕಾನ್ಫಿಗ್‌ನಲ್ಲಿರುವ ಐದು ಫೈಲುಗಳನ್ನು (ಸ್ಯಾಮ್, ಸೆಕ್ಯುರಿಟಿ, ಸಿಸ್ಟಮ್, ಸಾಫ್ಟ್‌ವೇರ್, ಡಿಫಾಲ್ಟ್) ಬೇರೆ ಕಡೆ ಎತ್ತಿಟ್ಟು, ರೆಜ್‌ಬ್ಯಾಕ್‌ನಲ್ಲಿರುವ ಅದೇ ಹೆಸರಿನವನ್ನು ಆ ಜಾಗಕ್ಕೆ ಕಾಪಿ ಮಾಡಿದರೆ ಬೀಗ ಬಿಡುತ್ತದೆ. ಎದ್ದ ಮೇಲೆ ಫೈಲುಗಳನ್ನು ತೆಗೆದುಕೊಂಡು ಆ ವಿಂಡೋಸಿಗೆ ವಿದಾಯ ಹೇಳಿ. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲೇ ಮುಗಿದಿದೆ.

ಮುಂದೆ ಅಂಥ ಪರದೆ ಬಂದರೆ ಅದು ಬರೀ ಒಂದು ವೆಬ್ ಪುಟ. ಆಲ್ಟ್ ಹಿಡಿದು ಎಫ್4 ಒತ್ತಿ, ಹೋಗದಿದ್ದರೆ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಚ್ಚಿ. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ತೆರೆಯಲಾ ಅಂತ ಕೇಳಿದರೆ ಬೇಡ ಅನ್ನಿ.

ಪ್ರಶ್ನೆ: ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿದೆ. ಅದೇ ದಿನ ಸಂಜೆ ಮತ್ತೆ ಅದೇ ಜಾಹೀರಾತು. ಬಯಾಸ್‌ನಲ್ಲೇ ವೈರಸ್ ಕೂತಿದೆಯಾ?

ಉತ್ತರ: ಬಯಾಸ್ ತನಕ ಕೈ ಹಾಕುವಂಥವು ಇಲ್ಲವೇ ಇಲ್ಲ ಅಂತಲ್ಲ. 1999ರ ಏಪ್ರಿಲ್ 26ರಂದು ಸಿಐಎಚ್ ವೈರಸ್ ಎಷ್ಟೋ ಯಂತ್ರಗಳ ಬಯಾಸನ್ನೇ ಅಳಿಸಿ ಹಾಕಿತ್ತು, 2018ರಲ್ಲಿ ಲೋಜ್ಯಾಕ್ಸ್ ಅನ್ನುವುದು ಯುಇಎಫ್‌ಐ ಒಳಗೆ ಅಡಗಿ ಡಿಸ್ಕ್ ಬದಲಾಯಿಸಿದರೂ ಉಳಿಯುವುದನ್ನು ಇಸೆಟ್ ಕಂಪನಿಯವರು ಪತ್ತೆ ಮಾಡಿದರು. ಆದರೆ ಮನೆಯ ಕಂಪ್ಯೂಟರಿಗೆ ಜಾಹೀರಾತು ತೋರಿಸಲು ಯಾರೂ ಅಷ್ಟು ಕಷ್ಟಪಡುವುದಿಲ್ಲ.

ನಿಮ್ಮಲ್ಲಿ ನನಗೆ ಮೊದಲ ಅನುಮಾನ ಬ್ರೌಸರ್ ಮೇಲೆ. ಅಕೌಂಟಿಗೆ ಲಾಗಿನ್ ಆದ ಕೂಡಲೇ ಸಿಂಕ್ ಆಗಿ ಹಳೆಯ ಎಕ್ಸ್‌ಟೆನ್ಷನ್‌ಗಳೆಲ್ಲ ವಾಪಸ್ ಬರುತ್ತವೆ, ಕೆಟ್ಟದ್ದೂ ಬರುತ್ತದೆ. ಎಕ್ಸ್‌ಟೆನ್ಷನ್ ಪಟ್ಟಿ ತೆರೆದು ಗುರುತಿಲ್ಲದ್ದನ್ನೆಲ್ಲ ತೆಗೆಯಿರಿ, ಯಾವ ಸೈಟುಗಳಿಗೆ ನೋಟಿಫಿಕೇಷನ್ ಅನುಮತಿ ಇದೆ ಅಂತಲೂ ನೋಡಿ. ಎರಡನೆಯ ಅನುಮಾನ ಪೆನ್‌ಡ್ರೈವ್. ಫೋಲ್ಡರುಗಳ ಬದಲು ಶಾರ್ಟ್‌ಕಟ್‌ಗಳು ಕಾಣುತ್ತಿದ್ದರೆ ಅದೇ. ಡಬಲ್ ಕ್ಲಿಕ್ ಮಾಡಿದರೆ ಫೋಲ್ಡರೂ ತೆರೆಯುತ್ತದೆ, ವೈರಸ್ಸೂ ಓಡುತ್ತದೆ. ಅಸಲಿ ಫೋಲ್ಡರುಗಳು ಅಲ್ಲೇ ಮರೆಯಾಗಿರುತ್ತವೆ, ಉಬುಂಟುವಿನಲ್ಲಿ ನೋಡಿದರೆ ಕಾಣುತ್ತವೆ. ಮೂರನೆಯದು ನೀವು ಎತ್ತಿಟ್ಟ ಹಳೆಯ ಸೆಟಪ್ ಫೈಲುಗಳು. ಸ್ಯಾಲಿಟಿ, ರ್‍ಯಾಮ್ನಿಟ್ ಥರದವು ಸಿಕ್ಕ ಸಿಕ್ಕ ಇಎಕ್ಸ್‌ಇ ಫೈಲಿಗೆಲ್ಲ ಅಂಟಿಕೊಳ್ಳುತ್ತವೆ. ಹಾಗೆ ಅಂಟಿಸಿಕೊಂಡ ಒಂದು ಪ್ರಿಂಟರ್ ಡ್ರೈವರ್ ಸಾಕು. ಮತ್ತೆ ಅದೇ ಕ್ರ್ಯಾಕ್ ಹಾಕಿಲ್ಲ ತಾನೇ?

ಪ್ರಶ್ನೆ: ಕಂಪ್ಯೂಟರ್ ಸರಿಹೋಯಿತು. ಪಾಸ್‌ವರ್ಡ್ ಬದಲಾಯಿಸಬೇಕಾ?

ಉತ್ತರ: ಬೇಕು, ಕಂಪ್ಯೂಟರ್ ಸರಿಹೋಗುವ ಮೊದಲೇ ಫೋನಿನಿಂದ ಮಾಡಿದ್ದರೆ ಇನ್ನೂ ಒಳ್ಳೆಯದಿತ್ತು. ಇಮೇಲಿನದು ಮೊದಲು, ಯಾಕಂದ್ರೆ ಉಳಿದ ಎಲ್ಲದರ ಪಾಸ್‌ವರ್ಡ್ ರೀಸೆಟ್ ಅಲ್ಲಿಗೇ ಬರುವುದು. ಆಮೇಲೆ ಬ್ಯಾಂಕ್, ಆಮೇಲೆ ಉಳಿದದ್ದು. ಪಾಸ್‌ವರ್ಡ್ ಬದಲಾಯಿಸಿದರಷ್ಟೇ ಸಾಲದು. ಈಗಿನ ಕಳ್ಳ ಸಾಫ್ಟ್‌ವೇರ್‌ಗಳು ಬ್ರೌಸರಿನ ಕುಕಿಗಳನ್ನೇ (ನೀವು ಲಾಗಿನ್ ಆಗಿದ್ದೀರಿ ಅನ್ನುವ ಗುರುತು) ಎತ್ತಿಕೊಂಡು ಹೋಗುತ್ತವೆ, ಅದಿದ್ದರೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ಹಾಗಾಗಿ ಪ್ರತಿ ಅಕೌಂಟಿನಲ್ಲೂ 'ಎಲ್ಲ ಡಿವೈಸ್‌ಗಳಿಂದ ಸೈನ್ ಔಟ್' ಅನ್ನುವುದನ್ನು ಹುಡುಕಿ ಒತ್ತಿ. ರಿಕವರಿ ಇಮೇಲ್, ರಿಕವರಿ ಫೋನ್ ನಂಬರ್ ನಿಮ್ಮದೇ ಇದೆಯಾ, ಮೇಲ್‌ನಲ್ಲಿ ಫಾರ್ವರ್ಡ್ ಆಗುವ ಹೊಸ ವಿಳಾಸ ಯಾವುದಾದರೂ ಸೇರಿಕೊಂಡಿದೆಯಾ, ಅದನ್ನೂ ನೋಡಿ.

ಪ್ರಶ್ನೆ: ಎರಡು ಆಂಟಿವೈರಸ್ ಹಾಕಿದರೆ ಡಬಲ್ ಭದ್ರತೆ ಅಲ್ವಾ? ಬ್ಯಾಕಪ್ ಡಿಸ್ಕನ್ನು ಯಾವಾಗಲೂ ಸಿಕ್ಕಿಸಿಯೇ ಇಟ್ಟಿದ್ದೇನೆ.

ಉತ್ತರ: ಎರಡು ಬೇಡ. ಎರಡೂ ಪ್ರತಿ ಫೈಲನ್ನು ನಾನೇ ಮೊದಲು ನೋಡುತ್ತೇನೆ ಅಂತ ಕಿತ್ತಾಡಿ ಕಂಪ್ಯೂಟರ್ ನಿಧಾನವಾಗುತ್ತದೆ, ಕೆಲವೊಮ್ಮೆ ಏಳುವುದೇ ಇಲ್ಲ. ವಿಂಡೋಸಿನ ಡಿಫೆಂಡರ್ ಒಂದೇ ಸಾಕು, ಆಫ್ ಮಾಡದಿದ್ದರೆ. ಬ್ಯಾಕಪ್ ಡಿಸ್ಕನ್ನು ಇವತ್ತೇ ಕಿತ್ತಿಡಿ. ರ್‍ಯಾನ್ಸಮ್‌ವೇರ್ ಬಂದರೆ ಸಿಕ್ಕಿಸಿದ ಡಿಸ್ಕ್‌ಗಳನ್ನೂ ಸೇರಿಸಿಯೇ ಲಾಕ್ ಮಾಡುತ್ತದೆ. ಬ್ಯಾಕಪ್ ಮಾಡುವಾಗ ಸಿಕ್ಕಿಸಿ, ಮುಗಿದ ಮೇಲೆ ತೆಗೆದು ಡ್ರಾಯರ್‌ನಲ್ಲಿಡಿ.